ಒಂದು ದಿನದ ಬಾಡಿಗೆ ಜೀಪು

ಮೊದಲು ಕಂಡದ್ದು ಮೀನು.

ಎರಡು ಗಂಟೆಯ ಉರಿಬಿಸಿಲಿನಲ್ಲಿ, ಕರಾವಳಿ ರಸ್ತೆಯ ಟಾರಿನ ಮೇಲೆ, ಒಂದು ಬುಟ್ಟಿಯಷ್ಟು ಮೀನು ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು. ಅದರಾಚೆ ಮಡಚಿಕೊಂಡ ಸೈಕಲ್. ಅದರಾಚೆ ಸೀಫಸ್ ಲೆಸಿ.

ಗ್ರೆನಾಡಾ ದ್ವೀಪದ ಆನ್ಸ್ ಗ್ರೀ ಊರಿನಲ್ಲಿ ಸೀಫಸ್‌ನನ್ನು ಅರಿಯದವರಿಲ್ಲ. ಶಂಖ ಊದಿಕೊಂಡು ಮನೆಮನೆಗೆ ಮೀನು ಮಾರುವವನು. ಜಾಯಿಕಾಯಿ ಮಂಡಿಯಿಂದ ಊಟಕ್ಕೆ ಹೊರಟಿದ್ದ ಹೆಂಗಸೊಬ್ಬಳು ಅವನನ್ನು ನೋಡಿದಾಗ ಅವನ ಬಲಗಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆಗೆ ತಿರುಗಿಕೊಂಡಿತ್ತು. ಉಸಿರಿತ್ತು. ಮಾತಿರಲಿಲ್ಲ.

ಇಪ್ಪತ್ತು ಹೆಜ್ಜೆ ಮುಂದೆ, ರಸ್ತೆಯ ಬಲಗಡೆ ಚರಂಡಿಗೆ ಮೂತಿ ತೂರಿಸಿ ಒಂದು ಪುಟ್ಟ ಬಿಳಿ ಜೀಪು ನಿಂತಿತ್ತು. ಬಾಡಿಗೆ ಗಾಡಿಯ ನಂಬರು. ಒಳಗೆ ಯಾರೂ ಇಲ್ಲ. ಬೀಗದ ಕೈಯೂ ಇಲ್ಲ.

ಕ್ಲೀತಾ ಮೊಡೆಸ್ಟ್ ಅಲ್ಲಿಗೆ ಬಂದಾಗ ಮೂರು ಗಂಟೆ. ಆ ಹೊತ್ತಿಗೆ ಸೀಫಸ್‌ನನ್ನು ರಾಜಧಾನಿಯ ದೊಡ್ಡಾಸ್ಪತ್ರೆಗೆ ಸಾಗಿಸಿದ್ದರು. ಜೀಪಿನ ಸುತ್ತ ಅರ್ಧ ಊರು ನೆರೆದಿತ್ತು.

"ದಾರಿ ಬಿಡ್ರಪ್ಪ, ಗಾಡಿ ನಂದು," ಎಂದಳು ಕ್ಲೀತಾ. ಜನ ದಾರಿ ಬಿಟ್ಟರು. ಅವಳಿಗೆ ದಾರಿ ಬಿಡುವುದು ಆ ಕರಾವಳಿಯವರಿಗೆ ಹಳೇ ಅಭ್ಯಾಸ. ಇಪ್ಪತ್ತೆರಡು ವರ್ಷ ಅವಳು ಇದೇ ರಸ್ತೆಯಲ್ಲಿ ಬಸ್ಸು ಓಡಿಸಿದ್ದಳು. ಈಗ ಮೊಣಕಾಲು ನೋವೆಂದು ಬಸ್ಸು ಬಿಟ್ಟು, ಮೂರು ಜೀಪು ಇಟ್ಟುಕೊಂಡು ಬಾಡಿಗೆಗೆ ಕೊಡುತ್ತಿದ್ದಳು. ಬೆಳಿಗ್ಗೆ ತೆಗೆದುಕೊಂಡು ಹೋಗಿ, ಗ್ರೆನಾಡಾ ಸುತ್ತಿ, ಸಂಜೆ ಐದಕ್ಕೆ ತಂದು ನಿಲ್ಲಿಸಬೇಕು. ಇಷ್ಟೇ ವ್ಯಾಪಾರ.

ಇನ್‌ಸ್ಪೆಕ್ಟರ್ ಹೋಸ್ಟೆನ್ ಕೈಯಲ್ಲಿ ಒಂದು ಕಾಗದ ಹಿಡಿದು ಕಾಯುತ್ತಿದ್ದ.

"ಮಿಸ್ ಕ್ಲೀತಾ, ಇಲ್ಲೊಂದು ಸಹಿ ಹಾಕಿಬಿಡಿ. ಕೇಸು ಮುಗಿದಂಗೆ."

"ಒಂದು ಗಂಟೆ ಆಗಿದೆ ಅಷ್ಟೇ, ಆಗಲೇ ಮುಗೀತಾ?"

"ಆಳು ಸಿಕ್ಕಿದಾನೆ. ಗಾರ್ನೆಟ್ ಕ್ಯಾಲಿಸ್ಟ್."

ಕ್ಲೀತಾ ಕಾಗದ ತೆಗೆದುಕೊಳ್ಳಲಿಲ್ಲ. ಗಾರ್ನೆಟ್ ಅವಳ ಬಸ್ಸಿನಲ್ಲೇ ಕೆಲಸ ಕಲಿತವನು. ಹದಿನೈದು ವರ್ಷ ಬಸ್ಸು ಓಡಿಸಿ, ಈಗ ಮೋನ್ ಕ್ಲೇರ್ ಜಲಪಾತದ ಬಳಿ ಗುಡಿಸಲು ಹಾಕಿಕೊಂಡು ಪ್ರವಾಸಿಗರಿಗೆ ದಾರಿ ತೋರಿಸುತ್ತಿದ್ದ.

"ಏನು ಆಧಾರ?"

"ಹೇಳ್ತೀನಿ ಕೇಳಿ. ನಿಮ್ಮ ಜೀಪು ತಗೊಂಡಿದ್ದು ಯಾರು? ಅಮೆರಿಕದ ಹಾಲ್ಡೇನ್ ಸಾಹೇಬ್ರು, ಜೊತೆಗೆ ಲಾಯರ್ ಬೆಲ್ಫಾನ್. ಒಂದು ಗಂಟೆಗೆ ಜಲಪಾತಕ್ಕೆ ಹೋದ್ರು. ನೀರಿಗೆ ಇಳಿಯೋ ಮುಂಚೆ ಬೀಗದ ಕೈ ಗಾರ್ನೆಟ್ ಕೈಗೆ ಕೊಟ್ರು. ಅವನು ಎಲ್ಲರ ಕೀನೂ ಒಂದು ಬಿಸ್ಕತ್ತಿನ ಡಬ್ಬೀಲಿ ಇಡ್ತಾನೆ. ಇವ್ರು ವಾಪಸ್ ಬರೋ ಹೊತ್ತಿಗೆ ಜೀಪಿಲ್ಲ. ಗಾರ್ನೆಟ್ಟೂ ಇಲ್ಲ. ನಾವು ಹೋದಾಗ ಎಲ್ಲಿಂದಲೋ ಬೆವರು ಸುರಿಸಿಕೊಂಡು ಬಂದ. ಡಬ್ಬಿ ತೆಗೆದು ನೋಡಿದ್ವಿ. ಕೀ ಅದರಲ್ಲೇ ಇತ್ತು."

"ಡಬ್ಬಿ ತೆಗೀರಿ ಅಂತ ಯಾರು ಹೇಳಿದ್ರು?"

"ಲಾಯರ್ ಬೆಲ್ಫಾನ್. ಯಾಕೆ?"

"ಸುಮ್ನೆ ಕೇಳ್ದೆ. ಜನಾನ ಗುದ್ದಿ, ಗಾಡಿ ಬಿಟ್ಟು ಓಡಿಹೋದವನು, ಆ ಕೀನ ಜೋಪಾನವಾಗಿ ತಗೊಂಡು ಬಂದು ತನ್ನ ಡಬ್ಬೀಲೇ ಹಾಕ್ಕೋತಾನಾ?"

"ಗಾಬರೀಲಿ ಮನುಷ್ಯ ಏನಾದ್ರೂ ಮಾಡ್ತಾನೆ. ಕುಡಿದಿರಬಹುದು. ರಾಂಗ್ ಸೈಡಿಗೆ ನುಗ್ಗಿದಾನೆ ನೋಡಿ. ಒಂದು ಸಹಿ. ನನ್ನ ಒಪ್ಪಿಗೆ ಇಲ್ದೆ ಗಾರ್ನೆಟ್ ಗಾಡಿ ತಗೊಂಡ ಅಂತ."

"ನಾನು ಕಣ್ಣಿಂದ ನೋಡಿಲ್ಲ. ನೋಡದಿದ್ದಕ್ಕೆ ಸಹಿ ಹಾಕಲ್ಲ."

"ಮಿಸ್ ಕ್ಲೀತಾ..."

"ಹಾಕಲ್ಲ ಅಂದ್ನಲ್ಲಪ್ಪ."

ಅವಳು ಜೀಪಿನ ಸುತ್ತ ಒಂದು ಸುತ್ತು ಬಂದಳು. ಎಡಗಡೆಯ ದೀಪ ಪುಡಿಪುಡಿ. ಬಾನೆಟ್ಟಿನ ಮೇಲೆ ಮೀನಿನ ಪೊರೆ ಒಣಗಿ ಹೊಳೆಯುತ್ತಿತ್ತು. ಗಾಡಿಯ ತುಂಬ ಕೆಂಪಗೆ ಧೂಳು. ವಾರದಿಂದ ಆಕಾಶವೇ ಕೆಂಪಾಗಿತ್ತು. ಆಫ್ರಿಕಾದ ಮರಳುಗಾಡಿನ ಧೂಳು ಸಮುದ್ರ ದಾಟಿ ಬರುವ ಕಾಲ ಅದು. ಫೆಬ್ರವರಿಯಿಂದ ಒಂದು ಹನಿ ಮಳೆಯಿಲ್ಲ. ಗಾಡಿಗೆ ಪೈಪಿನಲ್ಲಿ ನೀರು ಬಿಡಬೇಡಿ ಎಂದು ಸರ್ಕಾರ ಡಂಗುರ ಹೊಡೆಸಿತ್ತು. ಬೆಳಿಗ್ಗೆ ಅವಳೇ ಒದ್ದೆ ಬಟ್ಟೆಯಲ್ಲಿ ಒರೆಸಿ ಕೊಟ್ಟಿದ್ದ ಮುಂದಿನ ಗಾಜೂ ಕೆಂಪಾಗಿತ್ತು. ಅದರ ಮೇಲೆ ವೈಪರ್‌ಗಳೆರಡೂ ನೆಟ್ಟಗೆ ನಿಂತಿದ್ದವು. ಒಳಗೆ ಹಿಂದಿನ ಸೀಟಿನಲ್ಲಿ ಒಂದು ಟವೆಲು, ಅರ್ಧ ತಿಂದ ಮಾವಿನಹಣ್ಣು, ರಮ್ ಬಾಟಲಿ.

ಗಾಜಿನ ಮುಂದೆ ಅವಳು ಸ್ವಲ್ಪ ಹೆಚ್ಚು ಹೊತ್ತು ನಿಂತಳು.

"ಇದರ ಫೋಟೋ ತೆಗೆದಿದೀರಾ?"

ಕಾನ್‌ಸ್ಟೇಬಲ್ ರೆಡ್‌ಹೆಡ್ ಎಂಬ ಹುಡುಗಿ ಮುಂದೆ ಬಂದಳು. "ತೆಗೆದಿದೀನಿ ಮಿಸ್. ಬಂದ ತಕ್ಷಣವೇ. ಎರಡೂ ಇಪ್ಪತ್ತಕ್ಕೆ, ಹನ್ನೆರಡು ಫೋಟೋ."

"ಅದಾದ ಮೇಲೆ ಯಾರಾದ್ರೂ ಒಳಗೆ ಕೈ ಹಾಕಿದ್ರಾ?"

"ಇಲ್ಲ ಮಿಸ್. ಬಾಗಿಲು ತೆಗೆಯೋಕೂ ನಾನು ಬಿಟ್ಟಿಲ್ಲ."

"ಒಳ್ಳೇ ಕೆಲಸ ಮಾಡಿದೀಯ ಮಗಳೇ. ಇನ್ನು ಮೇಲೂ ಬಿಡಬೇಡ. ಎಳೆದುಕೊಂಡು ಹೋಗೋ ಗಾಡಿ ಬಂದ್ರೆ ಠಾಣೆ ಅಂಗಳಕ್ಕೆ ಹೋಗಲಿ. ಒರೆಸೋದು, ತೊಳೆಯೋದು ಏನೂ ಬೇಡ."

"ಮಿಸ್ ಕ್ಲೀತಾ, ಇಲ್ಲಿ ಇನ್‌ಸ್ಪೆಕ್ಟರ್ ನಾನು," ಎಂದ ಹೋಸ್ಟೆನ್.

"ಗೊತ್ತಪ್ಪ. ದಿನಾ ನನ್ನ ಬಸ್ಸಿನ ಮೆಟ್ಟಿಲ ಮೇಲೆ ನಿಂತುಕೊಂಡು ಶಾಲೆಗೆ ಹೋಗ್ತಿದ್ದಾಗ್ಲೂ ನೀನು ಇಷ್ಟೇ ಜೋರು."

ಜನ ನಕ್ಕರು. ಹೋಸ್ಟೆನ್ ನಗಲಿಲ್ಲ. ಆದರೆ ಜೀಪನ್ನು ತೊಳೆಯಲೂ ಇಲ್ಲ.

ಠಾಣೆಯಲ್ಲಿ ಹಾಲ್ಡೇನ್ ಗಡಿಯಾರ ನೋಡುತ್ತ ಶತಪಥ ಹಾಕುತ್ತಿದ್ದ. ಐವತ್ತರ ಆಸುಪಾಸಿನ ದಪ್ಪ ಮೈಯ ಗಂಡಸು. ಬಿಸಿಲಿಗೆ ಕತ್ತು ಕೆಂಪಡರಿತ್ತು. ಆರೂವರೆಗೆ ಅವನ ವಿಮಾನ. ಲಾ ಬ್ರೀಸ್ ಕಡಲತೀರವನ್ನು ಕೊಂಡು, ಬೇಲಿ ಹಾಕಿ, ಇನ್ನೂರು ಕೋಣೆಯ ಹೋಟೆಲು ಕಟ್ಟಲು ಬಂದವನು ಅವನು. ಒಂದು ದಿನ ದ್ವೀಪ ಸುತ್ತಿ, ತೀರವನ್ನು ಕಣ್ಣಾರೆ ನೋಡಿ, ಸಂಜೆ ಹೊರಟುಬಿಡುವ ಲೆಕ್ಕ. ಅವನ ಪರ ಕಾಗದಪತ್ರ ಮಾಡುತ್ತಿದ್ದವನು ಲೆನಕ್ಸ್ ಬೆಲ್ಫಾನ್. ಇದೇ ಊರಿನವನು. ಅವನ ತಾಯಿ ಇವತ್ತಿಗೂ ಚರ್ಚಿನ ಹಿಂದಿನ ಮನೆಯಲ್ಲಿದ್ದಳು.

ಆ ತೀರಕ್ಕೆ ಬೇಲಿ ಬೀಳಕೂಡದೆಂದು ಮೀನುಗಾರರನ್ನೆಲ್ಲ ಸೇರಿಸಿ, ಎರಡು ತಿಂಗಳಿಂದ ಪ್ರತಿ ಭಾನುವಾರ ಮರಳಿನ ಮೇಲೆ ಸಭೆ ಮಾಡುತ್ತಿದ್ದವನು ಗಾರ್ನೆಟ್. ಇದೂ ಊರಿಗೆಲ್ಲ ಗೊತ್ತಿದ್ದದ್ದೇ.

ಕ್ಲೀತಾ ಮೊದಲು ಒಳಗೆ ಹೋಗಿ ಲಾಕಪ್ಪಿನ ಸರಳುಗಳ ಮುಂದೆ ನಿಂತಳು. ಗಾರ್ನೆಟ್ ನೆಲದ ಮೇಲೆ ಗೋಡೆಗೊರಗಿ ಕುಳಿತಿದ್ದ. ಅಂಗೈ ತುಂಬ ಬಿದಿರಿನ ಸಿಬಿರು ಚುಚ್ಚಿದ ಗಾಯ.

"ಸೀಫಸ್ ಹೆಂಗಿದಾನೆ ಟಾಂಟಿ?" ಅವನ ಮೊದಲ ಪ್ರಶ್ನೆ ಅದು. ಹಿರಿಯ ಹೆಂಗಸರನ್ನು ಅಲ್ಲಿ ಟಾಂಟಿ ಅನ್ನುವುದು ವಾಡಿಕೆ.

"ಕಾಲು ಮುರಿದಿದೆ. ಬದುಕ್ತಾನೆ ಅಂದ್ರು. ಎಚ್ಚರ ಬಂದಿದೆ, ಆದರೆ ಓಡಿಸಿದವನ ಮುಖ ನೋಡಿಲ್ವಂತೆ. ಬಿಳೀ ಗಾಡಿ ಮೈಮೇಲೆ ಬಂತು, ಅಷ್ಟೇ ನೆನಪು."

"ನಾನಲ್ಲ."

"ಅದನ್ನ ಕೇಳೋಕೆ ಬಂದಿಲ್ಲ. ಎಲ್ಲಿದ್ದೆ ಹೇಳು."

"ಮೇಲಿನ ಜಲಪಾತದ ದಾರೀಲಿ. ಬಿದಿರಿನ ಕಟಕಟೆ ಮುರಿದಿತ್ತು, ಹೊಸದು ಕಟ್ತಿದ್ದೆ. ಒಂದೂಕಾಲಿಂದ ಎರಡೂವರೆ."

"ಯಾರು ನೋಡಿದ್ರು?"

"ಮಂಗ ನೋಡಿರಬಹುದು." ಅವನು ಎದ್ದು ಸರಳಿನ ಹತ್ತಿರ ಬಂದ. "ಟಾಂಟಿ, ಒಂದು ಮಾತು. ಹೋಸ್ಟೆನ್ ಹೇಳ್ತಾನೆ, ಒಪ್ಪಿಕೊಂಡ್ರೆ ಸಣ್ಣ ಶಿಕ್ಷೆ, ಆರು ತಿಂಗಳಲ್ಲಿ ಆಚೆ ಬರ್ತೀಯ ಅಂತ. ನಾನು ಒಪ್ಪಲ್ಲ. ಆರು ದಿನಕ್ಕೂ ಒಪ್ಪಲ್ಲ. ನೀವು ಬೈದ್ರೂ ಒಪ್ಪಲ್ಲ."

"ನಾನ್ಯಾಕೆ ಬೈಲಿ? ಒಪ್ಪಿದ್ರೆ ಬೈತಿದ್ದೆ. ಡಬ್ಬಿಗೆ ಬೀಗ ಇದೆಯಾ?"

"ಬಿಸ್ಕತ್ತಿನ ಡಬ್ಬಿಗೆ ಎಲ್ಲಿ ಬೀಗ? ಬೆಂಚಿನ ಮೇಲೆ ಇರುತ್ತೆ. ನೀರಲ್ಲಿ ಕೀ ಬೀಳಿಸಿಕೊಂಡು ಅಳೋದು ಬೇಡ ಅಂತ ಇಟ್ಟಿದ್ದು."

"ಕೆಳಗಿನ ರಸ್ತೆಯಿಂದ ನಿನ್ನ ಗುಡಿಸಲಿಗೆ ನಡೆದುಕೊಂಡು ಬಂದ್ರೆ?"

"ಜಾಯಿಕಾಯಿ ತೋಟದ ಒಳದಾರೀಲಿ ಕಾಲು ಗಂಟೆ. ದಪ್ಪ ಇದ್ದವರಿಗೆ ಇಪ್ಪತ್ತು ನಿಮಿಷ."

ಕ್ಲೀತಾ ಹೊರಗೆ ಬಂದು ತನ್ನ ಚೀಲದಿಂದ ಒಂದು ಉದ್ದನೆಯ ಅರ್ಜಿ ತೆಗೆದಳು.

"ಏನಿದು?" ಎಂದ ಹೋಸ್ಟೆನ್.

"ವಿಮೆ ಅರ್ಜಿ. ಗಾಡಿ ಬಾಡಿಗೆಗೆ ತಗೊಂಡವರು ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟು ಸಹಿ ಹಾಕಬೇಕು. ಸಾಹೇಬ್ರು ಸಂಜೆ ವಿಮಾನ ಹತ್ತಿಬಿಟ್ರೆ ನಾನು ಯಾರನ್ನ ಕೇಳಲಿ? ಈಗಲೇ ಕೇಳ್ತೀನಿ, ನಿನ್ನ ಎದುರಿಗೇ."

ಕಾನೂನಿನ ಪ್ರಕಾರ ಅದು ಸರಿ. ಹೋಸ್ಟೆನ್ ಕುರ್ಚಿ ತೋರಿಸಿದ.

ಹಾಲ್ಡೇನ್ ಕುಳಿತುಕೊಳ್ಳಲಿಲ್ಲ. "ಬೇಗ ಕೇಳಿ. ನನ್ನ ದಿನ ಆಗಲೇ ಹಾಳಾಗಿದೆ."

"ಸೀಫಸ್‌ದೂ ಹಾಳಾಗಿದೆ ಸಾರ್. ಗಾಡಿ ಓಡಿಸಿದ್ದು ಯಾರು?"

"ನಿಮಗೇ ಗೊತ್ತಲ್ಲ. ಬೆಳಿಗ್ಗೆ ನಿಮ್ಮ ಕಣ್ಣೆದುರಿಗೇ ಬೆಲ್ಫಾನ್ ಓಡಿಸಿಕೊಂಡು ಹೋದರು. ಇಲ್ಲಿಯ ಲೈಸೆನ್ಸು ಮಾಡಿಸಿಕೊಡ್ತೀನಿ ಅಂದ್ರಿ, ನಾನು ಬೇಡ ಅಂದೆ."

"ಅವರು ಸುಸ್ತಾದಾಗ ನೀವು ಸ್ವಲ್ಪ ದೂರ..."

"ಇಲ್ಲ."

"ಸುಮ್ಮನೆ ಕಡಲತೀರದ ಹತ್ತಿರ, ಒಂದು ಫರ್ಲಾಂಗು..."

"ಅಮ್ಮಾ, ನಾನು ಆ ಸ್ಟೀರಿಂಗ್ ಮುಟ್ಟಿಲ್ಲ. ಒಂದು ನಿಮಿಷಕ್ಕೂ ಮುಟ್ಟಿಲ್ಲ. ಎಡಗಡೆ ಓಡಿಸೋದು ನನಗೆ ಬರೋದೂ ಇಲ್ಲ, ಬೇಕಾಗಿಯೂ ಇಲ್ಲ. ಹಾಗೇ ಬರ್ಕೊಳ್ಳಿ."

"ಹಾಗೇ ಬರೀತೀನಿ ಸಾರ್." ನಿಧಾನವಾಗಿ ಬರೆದಳು. "ಒಂದು ಗಂಟೆಯಿಂದ ಎರಡೂವರೆವರೆಗೆ ಎಲ್ಲಿದ್ರಿ?"

"ನೀರಿನಲ್ಲಿ. ಬೆಲ್ಫಾನ್ ಜೊತೆ."

"ಪೂರ್ತಿ ಹೊತ್ತು?"

"ಪೂರ್ತಿ."

"ಇಲ್ಲಿ ಸಹಿ ಹಾಕಿ."

ಹಾಕಿದ. ಲೇಖನಿಯನ್ನು ಮೇಜಿನ ಮೇಲೆ ಎಸೆದ.

ಲೆನಕ್ಸ್ ಬೆಲ್ಫಾನ್ ಕುಳಿತುಕೊಂಡು, ಪ್ಯಾಂಟಿನ ಮಡಿಕೆ ಸರಿಮಾಡಿಕೊಂಡು, ನಕ್ಕ. "ಕೇಳಿ ಮಿಸ್ ಕ್ಲೀತಾ. ಆದರೆ ಗಾರ್ನೆಟ್ ಬಗ್ಗೆ ನಿಮ್ಮ ಪ್ರೀತಿ ಎಲ್ಲರಿಗೂ ಗೊತ್ತು."

"ಅರ್ಜೀಲಿ ಪ್ರೀತಿಗೆ ಕಾಲಂ ಇಲ್ಲ ಲೆನಕ್ಸ್. ಗಾಡಿ ಓಡಿಸಿದ್ದು?"

"ನಾನೊಬ್ಬನೇ."

"ಸಾಹೇಬ್ರು?"

"ಮುಟ್ಟಿಲ್ಲ. ಪಕ್ಕದಲ್ಲಿ ಕೂತು ಮಾವಿನಹಣ್ಣು ತಿಂತಿದ್ರು."

"ಬ್ರೇಕು ಸರಿಯಿತ್ತಾ?"

"ಸರಿಯಿತ್ತು."

"ಹಾರನ್ನು?"

"ಸರಿಯಿತ್ತು."

"ವೈಪರ್ ಉಪಯೋಗಿಸಿದ್ರಾ? ಅದರದ್ದೂ ಒಂದು ಕಾಲಂ ಇದೆ ನೋಡು, ಹಾಳಾದ ಅರ್ಜಿ."

ಬೆಲ್ಫಾನ್‌ಗೆ ಬೇಸರ ಬಂತು. "ವೈಪರ್ ಯಾಕೆ? ಫೆಬ್ರವರಿಯಿಂದ ಮಳೆ ಎಲ್ಲಿ ಬಂದಿದೆ?"

"ಧೂಳು ಒರೆಸೋಕೆ ಏನಾದ್ರೂ?"

"ಒಣ ಗಾಜಿನ ಮೇಲೆ ವೈಪರ್ ಹಾಕಿದ್ರೆ ಗೀಚಿಹೋಗುತ್ತೆ ಅಂತ ನನಗೂ ಗೊತ್ತು. ನಾನೇನು ನಿನ್ನೆ ಗಾಡಿ ಕಲಿತವನಲ್ಲ."

"ಸರಿ. ಉಪಯೋಗಿಸಿಲ್ಲ. ಇಂಡಿಕೇಟರ್ ಸರಿಯಿತ್ತಾ?"

"ಇತ್ತು. ಇನ್ನೆಷ್ಟಿದೆ?"

"ಆಯ್ತು. ಸಹಿ."

ನಾಲ್ಕೂವರೆ ಆಗಿತ್ತು. ಹಾಲ್ಡೇನ್ ಪೆಟ್ಟಿಗೆ ಎತ್ತಿಕೊಂಡ. "ಇನ್‌ಸ್ಪೆಕ್ಟರ್, ನನಗೊಂದು ಟ್ಯಾಕ್ಸಿ ಕರೆಸಿ. ಮಂತ್ರಿಗಳಿಗೆ ನಿಮ್ಮ ಕೆಲಸದ ಬಗ್ಗೆ ಒಳ್ಳೆಯ ಮಾತು ಹೇಳ್ತೀನಿ."

ಹೋಸ್ಟೆನ್ ಫೋನಿಗೆ ಕೈ ಹಾಕಿದ.

"ಫೋನು ಇಡು," ಎಂದಳು ಕ್ಲೀತಾ.

"ಮಿಸ್ ಕ್ಲೀತಾ, ಸಾಕು. ನೀವು ಹೇಳಿದ್ದೆಲ್ಲ ಕೇಳಿದೀನಿ."

"ಇನ್ನೊಂದು ಕೇಳು. ನಿನ್ನ ಮೇಜಿನ ಮೇಲಿರೋ ಕೀ ತಗೊಂಡು ಅಂಗಳಕ್ಕೆ ಬಾ. ನನ್ನ ಜೀಪಲ್ಲಿ ಕೂತು ಕೀ ತಿರುಗಿಸು. ಎರಡೇ ನಿಮಿಷ. ಅದಾದ ಮೇಲೆ ನಿನಗೆ ಟ್ಯಾಕ್ಸಿ ಕರೆಸಬೇಕು ಅನ್ನಿಸಿದ್ರೆ ನಾನೇ ಸಾಹೇಬ್ರ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಬಿಡ್ತೀನಿ."

"ಇದು ಅತಿಯಾಯ್ತು," ಎಂದ ಬೆಲ್ಫಾನ್.

"ಅತಿಯಾಗಿದ್ರೆ ನಿನಗೇನು ಕಷ್ಟ? ನೀನೂ ಬಾ. ಗಾರ್ನೆಟ್‌ನೂ ಕರ್ಕೊಂಡು ಬಾ ರೆಡ್‌ಹೆಡ್."

ಹೋಸ್ಟೆನ್ ಅವಳ ಮುಖ ನೋಡಿದ. ಆಮೇಲೆ ಕೀ ಎತ್ತಿಕೊಂಡ.

ಠಾಣೆಯ ಅಂಗಳದಲ್ಲಿ ಜೀಗುಜ್ಜೆ ಮರದ ಕೆಳಗೆ ಜೀಪು ನಿಂತಿತ್ತು. ಚರಂಡಿಯಿಂದ ಎಳೆದು ತಂದದ್ದು ಹಾಗೆಯೇ ಇತ್ತು. ಹೋಸ್ಟೆನ್ ಒಳಗೆ ಕುಳಿತ.

"ಎಂಜಿನ್ ಶುರು ಮಾಡಬೇಕಾಗಿಲ್ಲ. ಕೀ ಒಂದು ಸುತ್ತು ತಿರುಗಿಸು. ಬೇರೆ ಏನನ್ನೂ ಮುಟ್ಟಬೇಡ."

ಅವನು ತಿರುಗಿಸಿದ.

ನೆಟ್ಟಗೆ ನಿಂತಿದ್ದ ವೈಪರ್‌ಗಳು ಕಿರ್ರೆಂದು ಕೆಳಗೆ ಬಿದ್ದವು. ಮೇಲೆದ್ದವು. ಮತ್ತೆ ಬಿದ್ದವು. ಒಣ ಗಾಜಿನ ಮೇಲೆ, ಕೆಂಪು ಧೂಳನ್ನು ಕೆರೆಯುತ್ತ, ಆ ಶಬ್ದ ಅಂಗಳದಲ್ಲಿ ಎಲ್ಲರ ಹಲ್ಲು ಜುಮ್ಮೆನ್ನಿಸಿತು.

"ನಾನೇನೂ ಮುಟ್ಟಲಿಲ್ಲ," ಎಂದ ಹೋಸ್ಟೆನ್.

"ಮುಟ್ಟಲಿಲ್ಲ. ಅದು ಮೊದಲೇ ಚಾಲೂ ಇತ್ತು. ಗಾಡಿ ಗುದ್ದಿದಾಗ ಚಾಲೂ ಇತ್ತು. ಓಡಿಸಿದವನು ಅರ್ಧ ಆಟದಲ್ಲಿ ಕೀ ಕಿತ್ತುಕೊಂಡ, ಅದಕ್ಕೇ ಅವು ಗಾಜಿನ ನಡುವೆ ನಿಂತುಬಿಟ್ವು. ರೆಡ್‌ಹೆಡ್, ಎರಡೂ ಇಪ್ಪತ್ತಕ್ಕೆ ತೆಗೆದ ಫೋಟೋ ತೋರಿಸು. ನೆಟ್ಟಗೆ ಇದೆಯಾ?"

"ಇದೆ ಮಿಸ್."

"ಹೋಸ್ಟೆನ್, ಈಗ ಕೀ ಆಫ್ ಮಾಡು. ಕಣ್ಣು ಮುಚ್ಚು. ನೀನು ಜಲಪಾತದಿಂದ ಇಳಿದು ಬರ್ತಿದೀಯ. ಕೆಳಗೆ ಕೂಡುರಸ್ತೆ. ಎಡಕ್ಕೆ ತಿರುಗಬೇಕು. ಇಂಡಿಕೇಟರ್ ಹಾಕು."

ಹೋಸ್ಟೆನ್‌ನ ಬಲಗೈ ತಾನಾಗಿ ಎದ್ದು ಸ್ಟೀರಿಂಗಿನ ಬಲಗಡೆಯ ಕಡ್ಡಿಯನ್ನು ಒತ್ತಿತು.

"ಬಲಗೈ," ಎಂದಳು ಕ್ಲೀತಾ. "ಜಪಾನಿಂದ ಬಂದ ಗಾಡಿ ಎಲ್ಲದರಲ್ಲೂ ಇಂಡಿಕೇಟರ್ ಬಲಕ್ಕೆ, ವೈಪರ್ ಎಡಕ್ಕೆ. ಈ ದ್ವೀಪದಲ್ಲಿ ಓಡೋ ಬಸ್ಸು, ಜೀಪು, ನಿನ್ನ ಪೊಲೀಸ್ ಗಾಡಿ ಎಲ್ಲ ಅಂಥವೇ. ನಮ್ಮ ಕೈಗೆ ಯೋಚನೆ ಬೇಕಾಗಿಲ್ಲ. ಗಾರ್ನೆಟ್ ಹದಿನೈದು ವರ್ಷ ದಿನಕ್ಕೆ ನೂರು ಸಲ ಆ ಕಡ್ಡಿ ಒತ್ತಿದವನು. ಲೆನಕ್ಸ್ ಹದಿನೆಂಟನೇ ವಯಸ್ಸಿಂದ ಇಂಥದೇ ಗಾಡಿ ಓಡಿಸ್ತಿದಾನೆ. ಇವರಿಬ್ಬರಲ್ಲಿ ಯಾರೂ ಎಡಕ್ಕೆ ತಿರುಗೋಕೆ ಹೋಗಿ ವೈಪರ್ ಹಾಕಲ್ಲ. ಹಾಕೋರು ಯಾರು ಹೇಳ್ತೀನಿ. ಎಂಟು ವರ್ಷದಿಂದ ಗಾಡಿ ಬಾಡಿಗೆಗೆ ಕೊಡ್ತಿದೀನಿ. ಬೆಳಿಗ್ಗೆ ನನ್ನ ಗೇಟು ದಾಟಿ ಎಡಕ್ಕೆ ತಿರುಗುವಾಗ ಅಮೆರಿಕದವರಲ್ಲಿ ಹತ್ತಕ್ಕೆ ಎಂಟು ಜನ ಸುಡುಬಿಸಿಲಲ್ಲಿ ವೈಪರ್ ಆಡಿಸ್ತಾರೆ. ಅವರ ಊರಿನ ಗಾಡೀಲಿ ಇಂಡಿಕೇಟರ್ ಎಡಗೈಗೆ. ನಾನೂ ನನ್ನ ತಂಗೀನೂ ಕಿಟಕೀಲಿ ನಿಂತು ನಗ್ತೀವಿ. ಇವತ್ತು ಬೆಳಿಗ್ಗೆ ನಗಲಿಲ್ಲ. ಯಾಕಂದ್ರೆ ಗೇಟು ದಾಟಿಸಿದ್ದು ಲೆನಕ್ಸ್."

ಹಾಲ್ಡೇನ್ ಪೆಟ್ಟಿಗೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಎಡಕ್ಕೆ ತಿರುಗಿದ. ಕಣ್ಣೆದುರಿಗೆ ವೈಪರ್ ಎದ್ದಿತು. ಗಾಬರಿಯಾಗಿ ಕೆಳಗೆ ನೋಡಿದ, ಅದನ್ನ ನಿಲ್ಲಿಸೋಕೆ ತಡಕಾಡಿದ. ತಿರುಗಿದವನು ಯಾವ ಕಡೆಗೆ ಹೋದ? ಬಲಕ್ಕೆ. ನೀನು ಅದನ್ನ ಕುಡಿತ ಅಂದೆ ಹೋಸ್ಟೆನ್. ಸ್ವಲ್ಪ ಕುಡಿತ ಇರಬಹುದು, ಬಾಟಲಿ ನೋಡಿದೆ. ಆದರೆ ಮನುಷ್ಯ ಹೆದರಿದಾಗ ತನ್ನ ಊರಿನ ಕಡೆಗೆ ಸರೀತಾನೆ. ಇವರ ಊರಲ್ಲಿ ರಸ್ತೆಯ ಬಲಕ್ಕೆ ಓಡಿಸ್ತಾರೆ. ಆ ಕಡೆಯಿಂದ ಸೀಫಸ್ ಬರ್ತಿದ್ದ."

"ಇದು ಕಥೆ," ಎಂದ ಹಾಲ್ಡೇನ್. ದನಿ ಸಣ್ಣಗಾಗಿತ್ತು. "ಬೆಳಿಗ್ಗೆ ಎಲ್ಲೋ ಒಂದು ಕಡೆ ನಾನೂ ಓಡಿಸಿದ್ದಿರಬಹುದು. ಆಗ ವೈಪರ್..."

"ಒಂದು ನಿಮಿಷಕ್ಕೂ ಮುಟ್ಟಿಲ್ಲ ಅಂತ ಸಹಿ ಹಾಕಿದೀರಿ ಸಾರ್. ಒಂದು ಗಂಟೆ ಆಗಿಲ್ಲ."

"ಬೆಲ್ಫಾನ್ ಹಾಕಿರಬಹುದು."

ಅದು ಹಾಲ್ಡೇನ್ ಮಾಡಿದ ತಪ್ಪು. ಕ್ಲೀತಾ ಅದಕ್ಕಾಗಿಯೇ ಕಾಯುತ್ತಿದ್ದಳು. ಅವಳು ಲೆನಕ್ಸ್ ಕಡೆ ತಿರುಗಿದಳು.

"ಕೇಳಿಸ್ತಾ? ಈಗ ನೀನು ಲೆಕ್ಕ ಹಾಕು, ಲಾಯರ್ ನೀನು. ಗಾರ್ನೆಟ್ ಕೈ ತಪ್ಪು ಮಾಡಲ್ಲ. ಉಳಿದವರು ಇಬ್ಬರು. ಸಾಹೇಬ್ರು ಸ್ಟೀರಿಂಗ್ ಮುಟ್ಟೇ ಇಲ್ಲ ಅಂತ ಅವರೂ ಬರೆದುಕೊಟ್ಟಿದಾರೆ, ನೀನೂ ಬರೆದುಕೊಟ್ಟಿದೀಯ. ಹಾಗಾದ್ರೆ ಸೀಫಸ್‌ನ ರಸ್ತೇಲಿ ಬಿಟ್ಟು ಓಡಿಬಂದವನು ನೀನು. ಹೌದು ಅಂತೀಯಾ?"

ಬೆಲ್ಫಾನ್ ಜೀಪನ್ನು ನೋಡಿದ. ಹಾಲ್ಡೇನ್‌ನನ್ನು ನೋಡಿದ. ಹಾಲ್ಡೇನ್ ಅವನನ್ನು ನೋಡದೆ ಸಮುದ್ರದ ಕಡೆ ಮುಖ ಮಾಡಿದ್ದ.

"ನಾನು ನೀರಲ್ಲಿದ್ದೆ," ಎಂದ ಬೆಲ್ಫಾನ್ ಕೊನೆಗೆ. "ಸಾಹೇಬ್ರಿಗೆ ಯಾರಿಗೋ ಫೋನ್ ಮಾಡಬೇಕಿತ್ತು. ಕಣಿವೇಲಿ ಸಿಗ್ನಲ್ ಸಿಗಲ್ಲ. ಹತ್ತು ನಿಮಿಷದಲ್ಲಿ ಬರ್ತೀನಿ ಅಂತ ಡಬ್ಬಿಯಿಂದ ಕೀ ತಗೊಂಡು ಹೋದ್ರು. ವಾಪಸ್ ಬಂದಾಗ ತೋಟದ ದಾರೀಲಿ ಏದುಸಿರು ಬಿಡ್ತಾ ಬಂದ್ರು. ಯಾರಿಗೋ ತಾಗಿತು ಅಂದ್ರು. ಸತ್ತಿರಬಹುದು ಅಂದ್ರು."

"ಬಾಯ್ಮುಚ್ಚು," ಎಂದ ಹಾಲ್ಡೇನ್.

"ಕೀ ಡಬ್ಬಿಗೆ ಹಾಕಿದ್ದು ಯಾರು ಲೆನಕ್ಸ್?"

ಅವನು ಮರದ ಕಡೆಗೆ ಒಂದು ಹೆಜ್ಜೆ ಹಿಂದೆ ಸರಿದ.

"ಗಾರ್ನೆಟ್ ಭಾನುವಾರ ಭಾನುವಾರ ನಿಮ್ಮ ಬೇಲಿಗೆ ಅಡ್ಡ ನಿಲ್ತಿದ್ದ. ಒಂದು ಕೀ ಡಬ್ಬಿಗೆ ಹಾಕಿದ್ರೆ ಎರಡು ಕೆಲಸ ಆಗುತ್ತೆ. ಇದು ಹೊರಗಿನವರಿಗೆ ಹೊಳೆಯೋ ಉಪಾಯ ಅಲ್ಲ. ಇವರಿಗೆ ಗಾರ್ನೆಟ್ ಯಾರು ಅಂತಲೂ ಗೊತ್ತಿಲ್ಲ. ನಿನಗೆ ಗೊತ್ತು. ಸೀಫಸ್ ನಿಮ್ಮಮ್ಮನಿಗೆ ವಾರಕ್ಕೆರಡು ಸಲ ಮೀನು ತಂದುಕೊಡ್ತಾನೆ. ಕೆಳಗೆ ಬಿದ್ದಿರೋದು ಅವನೋ ಇನ್ಯಾರೋ ಅಂತ ಹೋಗಿ ನೋಡೋಕೂ ನೀನು ಇಳೀಲಿಲ್ಲ. ಕಾಲು ಗಂಟೆ ದಾರಿ."

ಬೆಲ್ಫಾನ್ ಜೀಗುಜ್ಜೆ ಮರದ ಬುಡದ ಕಟ್ಟೆಯ ಮೇಲೆ ಕುಸಿದು ಕುಳಿತ. "ನಾನೇ ಹಾಕಿದೆ," ಎಂದ.

ಹಾಲ್ಡೇನ್ ತಿರುಗಿ ನಿಂತ. ಈಗ ಅವನು ಕ್ಲೀತಾಳ ಜೊತೆ ಮಾತ್ರ ಮಾತಾಡಿದ, ಬೇರೆ ಯಾರೂ ಅಲ್ಲಿಲ್ಲವೆಂಬಂತೆ. "ನೋಡಿ ಅಮ್ಮ. ಆ ಮನುಷ್ಯನ ಆಸ್ಪತ್ರೆ ನಾನು ನೋಡ್ಕೋತೀನಿ. ನಿಮಗೆ ಹೊಸ ಜೀಪು. ಎರಡು ಬೇಕಾದ್ರೆ ಎರಡು. ಹೋಟೆಲು ಬಂದ್ರೆ ನಿಮ್ಮ ವ್ಯಾಪಾರಕ್ಕೇ ಲಾಭ. ಇದನ್ನ ಇಲ್ಲಿಗೇ ಬಿಡೋಣ."

"ನನ್ನ ಹತ್ರ ಮೂರು ಗಾಡಿ ಇದೆ ಸಾರ್. ಒಂದಕ್ಕೆ ದೀಪ ಒಡೆದಿದೆ, ರಿಪೇರಿ ಮಾಡಿಸ್ಕೋತೀನಿ," ಎಂದಳು ಕ್ಲೀತಾ. "ನಿಮಗೆ ರಸ್ತೆ ಎಡಬಲ ತಪ್ಪಿತು, ಅದು ಯಾರಿಗಾದ್ರೂ ಆಗೋದೇ. ಅಲ್ಲೇ ನಿಂತು ಅವನ ತಲೆ ಎತ್ತಿ ಹಿಡಿದಿದ್ರೆ ಈ ಊರು ನಿಮಗೆ ನೀರು ತಂದುಕೊಡ್ತಿತ್ತು. ನೀವು ಕೀ ತಗೊಂಡು ನಡೆದ್ರಿ. ಹೋಗಿ, ಒಳಗೆ ಕೂತ್ಕೊಳ್ಳಿ. ಇನ್‌ಸ್ಪೆಕ್ಟರ್ ಬರ್ಕೋಬೇಕಂತೆ."

"ನಾನು ಯಾರು ಅಂತ ನಿಮಗೆ..."

"ಗೊತ್ತು. ಅರ್ಜೀಲಿ ಹೆಸರು ಬರೆದಿದೀರಿ."

ಹೋಸ್ಟೆನ್ ಜೀಪಿನಿಂದ ಇಳಿದು ಟೋಪಿ ಸರಿಮಾಡಿಕೊಂಡ. ಒಂದು ಗಳಿಗೆ ಹಾಲ್ಡೇನ್‌ನ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಮಂತ್ರಿಗಳ ಹೆಸರು ಅವನ ತಲೆಯಲ್ಲಿ ಓಡುತ್ತಿದ್ದುದು ಕ್ಲೀತಾಗೆ ಕಾಣುತ್ತಿತ್ತು.

"ಸಾರ್, ಪೆಟ್ಟಿಗೆ ಕೊಡಿ," ಎಂದ ಹೋಸ್ಟೆನ್. "ಇವತ್ತು ನೀವು ವಿಮಾನ ಹತ್ತೋದಿಲ್ಲ. ಮಿಸ್ಟರ್ ಬೆಲ್ಫಾನ್, ನೀವೂ ಒಳಗೆ ಬನ್ನಿ."

ಅವರಿಬ್ಬರೂ ಒಳಗೆ ಹೋದ ಮೇಲೆ ಹೋಸ್ಟೆನ್ ಗಾರ್ನೆಟ್ ಕೈಯ ಕೋಳ ಬಿಚ್ಚಿದ. ಅಂಗಳದ ಗೋಡೆಯಾಚೆ ಮಾರುಕಟ್ಟೆಯ ಗದ್ದಲ ಕೇಳುತ್ತಿತ್ತು. ಸಂಜೆಯ ಮೀನು ಬರುವ ಹೊತ್ತು. ಊರೆಲ್ಲ ಠಾಣೆಯ ಮುಂದಿನ ಬೀದಿಯಲ್ಲೇ ಇತ್ತು.

"ಗಾರ್ನೆಟ್, ತಪ್ಪಾಯ್ತು," ಎಂದ ಹೋಸ್ಟೆನ್ ಮೆಲ್ಲಗೆ. "ಹಿಂದಿನ ಗೇಟು ತೆಗೆಸ್ತೀನಿ. ಹಂಗೇ ಚರ್ಚಿನ ಕಡೆಯಿಂದ ಮನೆಗೆ ಹೋಗಿಬಿಡು. ಯಾರೂ ಏನೂ ಕೇಳೋದು ಬೇಡ."

ಗಾರ್ನೆಟ್ ಮಣಿಕಟ್ಟು ಉಜ್ಜಿಕೊಂಡ. ಅಲ್ಲಾಡಲಿಲ್ಲ.

"ಯಾವ ಬಾಗಿಲಿಂದ ನನ್ನ ಒಳಗೆ ತಂದ್ರಿ?"

"ಅದು... ಮುಂದಿನ ಬಾಗಿಲು."

"ಕೋಳ ಹಾಕಿ ತಂದ್ರಿ. ಮೀನಿನ ಕಟ್ಟೆ ಮುಂದೆ ಇಳಿಸಿ ನಡೆಸಿದ್ರಿ. ಸೀಫಸ್‌ನ ಹೆಂಡ್ತಿ ನನ್ನ ಮುಖಕ್ಕೆ ಉಗಿದಳು."

"ಅದಕ್ಕೇ ಹೇಳ್ತಿರೋದು, ಈಗ ಸದ್ದಿಲ್ದೆ..."

"ನಾನು ಮುಂದಿನ ಬಾಗಿಲಿಂದಲೇ ಹೋಗ್ತೀನಿ. ಒಬ್ಬನೇ ಅಲ್ಲ. ನೀವು ನನ್ನ ಪಕ್ಕದಲ್ಲಿ ನಡೀಬೇಕು, ಮೀನಿನ ಕಟ್ಟೆವರೆಗೆ. ಅಲ್ಲಿ ನಿಂತು ಅವಳಿಗೆ ಹೇಳಬೇಕು, ಇವನಲ್ಲ ಅಂತ. ಜೋರಾಗಿ. ಅಷ್ಟು ಮಾಡೋವರೆಗೂ ನಾನು ಈ ಮರದ ಕೆಳಗೇ ಕೂತಿರ್ತೀನಿ. ನನಗೇನೂ ವಿಮಾನ ಇಲ್ಲ."

ಹೋಸ್ಟೆನ್ ಕ್ಲೀತಾಳ ಕಡೆ ನೋಡಿದ.

"ನನ್ನ ಯಾಕೆ ನೋಡ್ತೀಯ?" ಎಂದಳು ಅವಳು. "ಅವನು ಕೇಳಿದ್ದು ನಿನ್ನ."

ಇನ್‌ಸ್ಪೆಕ್ಟರ್ ಹೋಸ್ಟೆನ್ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡ. ಠಾಣೆಯೊಳಗಿನಿಂದ ಹಾದು ಹೋಗಿ, ಬೀದಿಗೆ ತೆರೆಯುವ ಎರಡೂ ಕದಗಳನ್ನು ಪೂರ್ತಿ ತೆಗೆದ. ಮೆಟ್ಟಿಲ ಮೇಲೆ ನಿಂತು, ಗಾರ್ನೆಟ್ ಪಕ್ಕಕ್ಕೆ ಬರುವವರೆಗೆ ಕಾದ. ಬೀದಿಯ ದನಿಗಳು ಒಂದೊಂದಾಗಿ ಅಡಗಿದವು. ಇಬ್ಬರೂ ಮೆಟ್ಟಿಲಿಳಿದರು.